ಹಳೆಯ ಕುಸಿತದ ಮೇಲೆ ಹೊಸ ಮನೆ

ಕೇಳುಗರಿಗೆ ನಮಸ್ಕಾರ.

ನಮ್ಮ ಹುಬ್ಬಳ್ಳಿ-ಧಾರವಾಡದ ಅನೇಕ ಕುಟುಂಬಗಳು ಈಗ ಯಲ್ಲಾಪುರ, ಶಿರಸಿ, ಜೋಯಿಡಾ ಕಡೆಯ ಗುಡ್ಡದ ಓರೆಗಳಲ್ಲಿ ಪ್ಲಾಟು ಕೊಳ್ಳುತ್ತಿವೆ. ಕೊಳ್ಳುವ ಮುಂಚೆ ಉತಾರ ನೋಡುತ್ತಾರೆ, ಎನ್‌ಎ ಆಗಿದೆಯೇ ಎಂದು ವಿಚಾರಿಸುತ್ತಾರೆ, ಬೋರಿಗೆ ನೀರು ಬೀಳುತ್ತದೆಯೇ ಎಂದೂ ಕೇಳುತ್ತಾರೆ. ಆ ಗುಡ್ಡ ಹಿಂದೆ ಎಂದಾದರೂ ಜಾರಿತ್ತೇ ಎಂದು ಕೇಳುವವರು ಮಾತ್ರ ವಿರಳ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತೆಂಬುದು ನಿಮಗೆ ಗೊತ್ತಿದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಮುಂದೆ ಗಂಗಾವಳಿ ಎನಿಸಿಕೊಂಡು ಅದೇ ಶಿರೂರಿನ ಪಕ್ಕದಲ್ಲಿ ಹರಿಯುತ್ತಾಳೆ. ಹಾಗಾಗಿ ಇದು ದೂರದ ಊರಿನ ಸುದ್ದಿಯೇನೂ ಅಲ್ಲ.

ಒಮ್ಮೆ ಜಾರಿ ನಿಂತ ನೆಲ ಹೊಸ ನೆಲಕ್ಕಿಂತ ದುರ್ಬಲ. ಜೇಡಿಮಣ್ಣು ಮೊದಲ ಸಲ ಜಾರುವಾಗ ತನ್ನ ಪೂರ್ಣ ಶಕ್ತಿಯಿಂದ ತಡೆಯುತ್ತದೆ. ಜಾರುತ್ತ ಹೋದಂತೆ ಅದರ ಚಪ್ಪಟೆ ಕಣಗಳೆಲ್ಲ ಒಂದೇ ದಿಕ್ಕಿಗೆ ಮಲಗಿ ಆ ಪದರ ನುಣುಪಾಗುತ್ತದೆ, ಹಾಗೂ ಕೊನೆಗೆ ಉಳಿಯುವ ಬಲ ಮೊದಲಿನ ಬಲದ ಅರ್ಧಕ್ಕಿಂತಲೂ ಕಡಿಮೆಯಾಗಿರಬಹುದು. ಇದಕ್ಕೆ ಉಳಿಕೆ ಬಲ ಎನ್ನುತ್ತಾರೆ. 1964ರಲ್ಲಿ ಲಂಡನ್ನಿನ ಇಂಜಿನಿಯರ್ ಅಲೆಕ್ ಸ್ಕೆಂಪ್ಟನ್ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ಇದನ್ನು ಸ್ಪಷ್ಟವಾಗಿ ನಿರೂಪಿಸಿದರು. ಪರೀಕ್ಷಾ ಗುಂಡಿಯಲ್ಲಿ ಇಳಿದು ನೋಡಿದರೆ ಈ ಜಾರುಪದರ ಕೆಲವೊಮ್ಮೆ ಬೆರಳಿನಷ್ಟೇ ದಪ್ಪದ ಬೂದುಬಣ್ಣದ ಹಸಿ ಜೇಡಿಯಾಗಿರುತ್ತದೆ. ಚಾಕುವಿನಿಂದ ಮೆಲ್ಲಗೆ ಬಿಡಿಸಿದಾಗ ಒಳಮೈ ಮಿರುಗುತ್ತದೆ, ಅದರ ಮೇಲೆ ಗುಡ್ಡ ಜಾರಿದ ದಿಕ್ಕಿಗೇ ಸಣ್ಣ ಗೀರುಗಳು ಕಾಣುತ್ತವೆ. ಮೇಲೆ ಮೂವತ್ತು ಅಡಿ ಗಟ್ಟಿ ಗರಸು ಇದ್ದರೂ ಇಡೀ ಓರೆಯ ಹಣೆಬರಹವನ್ನು ಬರೆಯುವುದು ಈ ತೆಳುವಾದ ಪದರವೇ.

ಆದ್ದರಿಂದಲೇ ಮನೆ ಕಟ್ಟುವವರು ಮಾಡಿಸುವ ಎಸ್‌ಬಿಸಿ ಟೆಸ್ಟ್ ಇಲ್ಲಿ ಸಾಲುವುದಿಲ್ಲ. ಪಾಯದ ಕೆಳಗಿನ ಮಣ್ಣು ಎಷ್ಟು ಭಾರ ಹೊರುತ್ತದೆ ಎಂಬುದನ್ನು ಅದು ಹೇಳುತ್ತದೆ; ಮನೆ, ಪಾಯ, ಮಣ್ಣು ಮೂರೂ ಕೂಡಿಯೇ ಕೆಳಗೆ ಹೋಗುತ್ತವೆಯೇ ಎಂಬುದನ್ನು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಜಾರುಪದರದ ಕೆಳಗಿನ ಗಟ್ಟಿ ಕಲ್ಲಿನವರೆಗೆ ಕೊರೆದು, ಆ ಪದರದ ಜೇಡಿಯನ್ನೇ ತೆಗೆದು, ಅದರ ಉಳಿಕೆ ಬಲವನ್ನು ಅಳೆಯಬೇಕು. ಪಕ್ಕದ ಗಟ್ಟಿ ಮಣ್ಣಿನ ಅಂಕಿಯನ್ನು ಲೆಕ್ಕಕ್ಕೆ ಹಾಕಿದರೆ ಎಂಥ ಗುಡ್ಡವೂ ಕಾಗದದ ಮೇಲೆ ಭದ್ರವಾಗಿಯೇ ಕಾಣುತ್ತದೆ.

ಇನ್ನು ನೀರು. ತಡೆಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಸುರಕ್ಷತಾ ಗುಣಾಂಕ ಎಂದು ಹೆಸರು. ಅದು 1 ಆದರೆ ನೆಲ ಜಾರುವ ಅಂಚಿನಲ್ಲಿದೆ ಎಂದರ್ಥ. ವಾಸದ ಮನೆಗಳಿಗೆ ಸಾಮಾನ್ಯವಾಗಿ 1.5 ಇರಬೇಕೆಂದು ಇಂಜಿನಿಯರರು ಬಯಸುತ್ತಾರೆ. ಹತ್ತು ಅಡಿ ನಡೆದರೆ ಒಂದೂಮುಕ್ಕಾಲು ಅಡಿ ಏರುವ, ಅಂದರೆ ಸುಮಾರು 10 ಡಿಗ್ರಿಯ ಸೌಮ್ಯ ಓರೆಯೊಂದನ್ನು ತೆಗೆದುಕೊಳ್ಳಿ. ಜಾರುಪದರ ಅದಕ್ಕೆ ಸಮಾನಾಂತರವಾಗಿದ್ದು, ಅದರ ಉಳಿಕೆ ಘರ್ಷಣಾ ಕೋನ, ಅಂದರೆ ಉಳಿಕೆ ಬಲವನ್ನು ಕೋನದಲ್ಲಿ ಹೇಳುವ ಅಳತೆ, 14 ಡಿಗ್ರಿ ಇದ್ದರೆ, ನೀರಿಲ್ಲದ ಬೇಸಿಗೆಯಲ್ಲಿ ಗುಣಾಂಕ 1.4. ಮಳೆ ಹಿಡಿದು ಅಂತರ್ಜಲ ಆ ಪದರದಿಂದ ಮೇಲ್ಮೈಯವರೆಗಿನ ಅರ್ಧ ಎತ್ತರಕ್ಕೆ ಏರಿದರೆ ಅದು 1.06ಕ್ಕೆ ಇಳಿಯುತ್ತದೆ. ನೀರು ಮೇಲ್ಮೈಗೇ ಬಂದರೆ 0.7, ಆದರೆ ಅಷ್ಟರವರೆಗೆ ಗುಡ್ಡ ಕಾಯುವುದಿಲ್ಲ. ಮಣ್ಣು ಬದಲಾಗಲಿಲ್ಲ, ಓರೆ ಬದಲಾಗಲಿಲ್ಲ. ನೀರಿನ ಒತ್ತಡ ಒಳಗಿನಿಂದ ಮೇಲಕ್ಕೆತ್ತಿದ್ದರಿಂದ ಜಾರುಪದರದ ಮೇಲಿನ ಒತ್ತು ಸಡಿಲಾಯಿತು, ಅಷ್ಟೆ.

ಈ ನೀರು ಮಳೆಯದ್ದೇ ಆಗಬೇಕೆಂದಿಲ್ಲ. ಮೇಲಿನ ಪ್ಲಾಟಿನವರ ಇಂಗುಗುಂಡಿ, ಬಚ್ಚಲ ನೀರು, ಒಡೆದ ನಳದ ಪೈಪು, ದಿನವೂ ಉಣಿಸುವ ಹುಲ್ಲುಹಾಸು ಎಲ್ಲವೂ ಕೆಳಗಿನವರ ಗುಣಾಂಕವನ್ನು ತಿನ್ನುತ್ತವೆ. ಕ್ಯಾಲಿಫೋರ್ನಿಯದ ಪೋರ್ಚುಗೀಸ್ ಬೆಂಡ್ ಎಂಬಲ್ಲಿ ಸಾವಿರಾರು ವರ್ಷ ಹಳೆಯ ಕುಸಿತದ ಮೇಲೆ ಬಡಾವಣೆ ಎದ್ದಿತ್ತು. 1956ರಲ್ಲಿ ರಸ್ತೆಗೆಂದು ಮೇಲ್ಭಾಗದಲ್ಲಿ ಮಣ್ಣು ಪೇರಿಸಿದಾಗ ಅದು ಮತ್ತೆ ಚಲಿಸತೊಡಗಿ ನೂರಕ್ಕೂ ಹೆಚ್ಚು ಮನೆಗಳು ಹೋದವು. ಮನೆಗಳ ಮಲಗುಂಡಿಗಳ ನೀರೂ ಅದಕ್ಕೆ ಕೂಡಿಕೊಂಡಿತ್ತು. ಕುಸಿತಕ್ಕೆ ಸರ್ವೆ ನಂಬರು ಗೊತ್ತಿಲ್ಲ. ನಿಮ್ಮ ಐದು ಗುಂಟೆಯನ್ನಷ್ಟೇ ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರಕ್ಕೆ, ನನ್ನ ಅಭಿಪ್ರಾಯದಲ್ಲಿ, ಬೆಲೆಯಿಲ್ಲ. ತಲೆಯಿಂದ ಬುಡದವರೆಗೆ ಇಡೀ ಓರೆಯ ಅಧ್ಯಯನವಾಗಬೇಕು. ಖರ್ಚನ್ನು ಲೇಔಟಿನವರೆಲ್ಲ ಹಂಚಿಕೊಳ್ಳುವುದು ಲೇಸು.

ಸ್ಥಳಕ್ಕೆ ಹೋದಾಗ ನೀವೇ ನೋಡಬಹುದಾದದ್ದೂ ಇದೆ. ಓರೆಯ ಮೇಲ್ಭಾಗದಲ್ಲಿ ಅರ್ಧಚಂದ್ರಾಕಾರದ ಕಡಿದಾದ ಮೆಟ್ಟಿಲು, ಅದರ ಕೆಳಗೆ ನೀರು ನಿಲ್ಲುವ ತಗ್ಗು, ಬುಡದಲ್ಲಿ ಉಬ್ಬಿದ ನೆಲ, ಬೇಸಿಗೆಯಲ್ಲೂ ಬತ್ತದ ಒರತೆ, ಬಾಗಿ ಮತ್ತೆ ನೇರವಾದ ಮರದ ಕಾಂಡ. ಪಕ್ಕದ ಕಂಪೌಂಡ್ ಗೋಡೆಯ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಅಂಟಿಸಿ ತಾರೀಖು ಬರೆದಿಟ್ಟರೆ, ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಸೀಳುತ್ತದೆ.

ಅಂಗಳ ಸಮ ಮಾಡಲು ಬುಡವನ್ನು ಜೆಸಿಬಿಯಿಂದ ಕಡಿದು, ಆ ಮಣ್ಣನ್ನು ತಲೆಯ ಮೇಲೆ ಹಾಕಿ, ಆಮೇಲೆ ತಡೆಗೋಡೆ ಕಟ್ಟುವ ಪದ್ಧತಿ ಎಲ್ಲೆಡೆ ಕಾಣುತ್ತದೆ. ಬುಡದ ಮಣ್ಣೇ ಗುಡ್ಡವನ್ನು ತಡೆದಿರುತ್ತದೆ, ತಲೆಯ ಭಾರವೇ ಅದನ್ನು ನೂಕುತ್ತದೆ. ಗೋಡೆಯ ಪಾಯ ಜಾರುಪದರದ ಕೆಳಗೆ ಇಳಿಯದಿದ್ದರೆ ಗೋಡೆಯೂ ಗುಡ್ಡದ ಜೊತೆಗೇ ಹೊರಡುತ್ತದೆ. ಎಷ್ಟೋ ಸಲ ಗೋಡೆಗಿಂತ ಅಗ್ಗವಾಗಿ, ಹೆಚ್ಚು ಉಪಯೋಗಕ್ಕೆ ಬರುವುದು ನೀರನ್ನು ಹೊರಗೆಳೆಯುವ ಆಳದ ಬಸಿಗಾಲುವೆ ಮತ್ತು ಓರೆಯೊಳಗೆ ಅಡ್ಡಲಾಗಿ ಕೊರೆದ ತೂತುಕೊಳವೆಗಳು.

ಅಳತೆಯ ಕಾಲವೂ ಮುಖ್ಯ. ಪೀಜೋಮೀಟರ್ ನೀರಿನ ಒತ್ತಡವನ್ನು ತೋರಿಸುತ್ತದೆ, ಇನ್‌ಕ್ಲಿನೋಮೀಟರ್ ನೆಲ ಯಾವ ಆಳದಲ್ಲಿ ಎಷ್ಟು ಮಿಲಿಮೀಟರ್ ಸರಿಯಿತೆಂದು ತೋರಿಸುತ್ತದೆ. ಕಳಚೆಯ ಕುಸಿತ ಪುಷ್ಯ ಮಳೆಯಲ್ಲಿ ಆಯಿತು, ಶಿರೂರಿನದು ಪುನರ್ವಸುವಿನಲ್ಲಿ. ಹೋಳಿ ಹುಣ್ಣಿಮೆಯ ಹೊತ್ತಿಗೆ ಒಂದೇ ಸಲ ಅಳೆದು ಸಹಿ ಹಾಕಿದ ವರದಿಯಲ್ಲಿ ಬೇಸಿಗೆಯ 1.4 ಮಾತ್ರ ಇರುತ್ತದೆ. ಸಂಚಕಾರ ಕೊಡುವ ಮುಂಚೆಯೇ ಖರೀದಿ ಕರಾರಿನಲ್ಲಿ ಒಂದು ಷರತ್ತು ಬರೆಯಿಸಿಕೊಳ್ಳಿ: ಆರಿದ್ರಾದಿಂದ ಆಶ್ಲೇಷಾ ಮಳೆ ಮುಗಿಯುವವರೆಗೆ ಈ ಎರಡೂ ಉಪಕರಣಗಳ ಅಳತೆ ನಡೆದು ವರದಿ ಕೈಸೇರಿದ ಮೇಲೆಯೇ ಉಳಿದ ಹಣ ಸಲ್ಲತಕ್ಕದ್ದು, ವರದಿ ಪ್ರತಿಕೂಲವಾದರೆ ಸಂಚಕಾರ ಮರಳಿ ಬರತಕ್ಕದ್ದು ಎಂದು.

ನಮಸ್ಕಾರ.