ಬಿಗಿ ಮಾಡುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ.

ಮೈಸೂರಿನವರಿಗೆ ಬೈಕ್ ಬಿಚ್ಚೋದು ಹೊಸದೇನಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳು ಇಂದಿಗೂ ನಮ್ಮ ಬೀದಿಗಳಲ್ಲಿ ಓಡುತ್ತಿವೆ. ಅವು ಟೂ ಸ್ಟ್ರೋಕ್ ಗಾಡಿಗಳು. ಪೆಟ್ರೋಲಿನ ಜೊತೆಗೇ ಆಯಿಲ್ ಉರಿಯುವುದರಿಂದ ಸ್ಪಾರ್ಕ್ ಪ್ಲಗ್‌ಗೆ ಬೇಗ ಮಸಿ ಕಟ್ಟುತ್ತದೆ. ಅದನ್ನು ಬಿಚ್ಚಿ, ಉಜ್ಜಿ, ಮತ್ತೆ ಹಾಕೋದನ್ನು ಎಷ್ಟೋ ಜನ ಮನೆಯಲ್ಲೇ ಕಲಿತರು. ಆ ರೂಢಿ ಉಳಿಯಬೇಕು ಅನ್ನೋದು ನನ್ನ ಆಸೆ. ಅದಕ್ಕೇ ಈ ಕೆಲಸದಲ್ಲಿ ಎಲ್ಲೆಲ್ಲಿ ಎಡವಟ್ಟಾಗುತ್ತದೆ ಅಂತ ಇವತ್ತು ಹೇಳಬೇಕು.

ಬಿಚ್ಚುವಾಗ ಆಗುವ ಅನಾಹುತ ಕಡಿಮೆ. ಬಿಗಿ ಮಾಡುವಾಗಲೇ ಜಾಸ್ತಿ. ಇಂಜಿನ್ನಿನ ಮೈ ಮೆತ್ತನೆಯ ಅಲ್ಯೂಮಿನಿಯಂ, ಬೋಲ್ಟ್ ಗಟ್ಟಿ ಉಕ್ಕಿನದು. ಆಯಿಲ್ ಬದಲಿಸಿ, ಅದು ಇಳಿಯುವ ತೂತಿನ ಡ್ರೈನ್ ಬೋಲ್ಟ್ ಹಾಕುವಾಗ, ಸೋರಬಾರದು ಅಂತ ಸುಮ್ನೆ ಇನ್ನೊಂದು ಸಲ ಎಳೆಯುತ್ತಾರೆ. ಸ್ಪ್ಯಾನರ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ತೂತಿನೊಳಗಿನ ಸುರುಳಿ, ಅಂದರೆ ಥ್ರೆಡ್ ಹೋಯಿತು! ಅಲ್ಲಿಗೆ ಲೇತ್ ಅಂಗಡಿಯೇ ಗತಿ. ಸೋರಿಕೆ ತಡೆಯುವ ಕೆಲಸ ವಾಷರಿನದು. ಹಳೆಯದನ್ನು ತೆಗೆದು ಹೊಸದು ಹಾಕಿ. ಪ್ಲಗ್ ಕಥೆಯೂ ಇದೇ. ಇಂಜಿನ್ ಪೂರ್ತಿ ಆರಿದ ಮೇಲೆ ಬಿಚ್ಚಿ. ವಾಪಸ್ ಹಾಕುವಾಗ ಅದು ಕೂರುವ ತನಕ ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಓರೆಯಾಗಿ ಹತ್ತಿದೆ ಅಂತ ತಿಳಿಯಿರಿ.

ಬೋಲ್ಟ್ ಕೆಟ್ಟರೆ ದುಡ್ಡು ಹೋಗುತ್ತದೆ. ಚೈನ್ ವಿಷಯ ಹಾಗಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿ, ಒರೆಸಲು ಅಂತ ಓಡುವ ಚೈನಿಗೆ ಬಟ್ಟೆ ಹಿಡಿಯುವವರನ್ನು ಕಂಡರೆ ನನ್ನ ಎದೆ ಝಲ್ಲೆನ್ನುತ್ತದೆ. ಬಟ್ಟೆಯ ಒಂದು ಎಳೆ ಸಿಕ್ಕಿಕೊಂಡರೂ ಸಾಕು, ಕೈಯನ್ನೇ ಚೈನ್ ಸುತ್ತುವ ಸ್ಪ್ರಾಕೆಟ್ ಚಕ್ರದ ಹಲ್ಲಿಗೆ ಎಳೆದುಕೊಂಡುಬಿಡುತ್ತದೆ. ಬಿಡಿಸಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಬೆರಳು ಹೋಗುವುದು ಹೀಗೆಯೇ. ದಯವಿಟ್ಟು ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ. ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿ. ಆಗಲೂ ಬೆರಳು ಸ್ಪ್ರಾಕೆಟ್ಟಿನಿಂದ ದೂರವಿರಲಿ. ಪಕ್ಕದಲ್ಲಿ ಕೂತು ಮಕ್ಕಳು ನೋಡುತ್ತಿರುತ್ತಾರೆ, ಅಲ್ವಾ?

ಪೆಟ್ರೋಲಿನಲ್ಲಿ ಚೈನ್ ತೊಳೆಯುವುದೂ ಬೇಡ. ಸೀಮೆಎಣ್ಣೆಯೋ ಚೈನ್ ಕ್ಲೀನರ್ರೋ ಸಾಕು, ಅದನ್ನೂ ಒಲೆ, ದೀಪದಿಂದ ದೂರ ಇಟ್ಟುಕೊಳ್ಳಿ.

ಇನ್ನು ಚೈನ್ ಬಿಗಿ ಮಾಡಿದ ಮೇಲೆ ಬ್ರೇಕ್ ನೋಡುವುದನ್ನು ಮರೆಯುವವರು ಬಹಳ. ಚೈನ್ ಬಿಗಿಯಾಗಬೇಕಾದರೆ ಹಿಂದಿನ ಚಕ್ರವನ್ನು ಹಿಂದಕ್ಕೆ ಸರಿಸಬೇಕು. ಡ್ರಮ್ ಬ್ರೇಕ್ ಇದ್ದರೆ ಅದರ ರಾಡ್ ಕೂಡ ಎಳೆದಂತಾಗಿ, ಪೆಡಲ್ ತುಳಿಯದೆಯೇ ಬ್ರೇಕ್ ಹಿಡಿದುಕೊಳ್ಳಬಹುದು. ಡ್ರಮ್ ಕಾಯುತ್ತದೆ, ಮೈಲೇಜ್ ಬೀಳುತ್ತದೆ. ಚೈನಿಗೆ ಹೊಡೆದ ಲೂಬ್ ಎಣ್ಣೆ ಬ್ರೇಕ್ ಡಿಸ್ಕಿಗೋ ಟೈರಿಗೋ ಸಿಡಿದರೆ ಉಲ್ಟಾ ಕಷ್ಟ. ಬ್ರೇಕ್ ಹಿಡಿಯುವುದಿಲ್ಲ, ಟೈರ್ ಜಾರುತ್ತದೆ. ಚಾಮುಂಡಿ ಬೆಟ್ಟ ಇಳಿಯುವಾಗ ಇದು ಗೊತ್ತಾದರೆ ಏನು ಗತಿ? ಗಾಡಿ ಸ್ಟ್ಯಾಂಡಿನಲ್ಲಿರುವಾಗಲೇ ಚಕ್ರ ಸಲೀಸಾಗಿ ತಿರುಗುತ್ತದಾ ನೋಡಿ. ಬ್ರೇಕ್ ರಾಡಿನ ನಟ್ ಸರಿ ಮಾಡಿ. ಆಮೇಲೆ ಮನೆ ಮುಂದಿನ ಬೀದಿಯಲ್ಲೇ ನಿಧಾನವಾಗಿ ಓಡಿಸಿ, ಎರಡೂ ಬ್ರೇಕ್ ಹಿಡಿದು ನೋಡಿ, ಆಮೇಲೆ ದೊಡ್ಡ ರಸ್ತೆಗೆ ಹೋಗಿ. ನಮಸ್ಕಾರ.