ಮಾರಾಟ ನಿಂತ ಪಿಟೀಲುಗಳು

(ಮನೆಯಲ್ಲೇ ಕಂಪ್ಯೂಟರಿನಲ್ಲಿ ಸಂಗೀತ ಮಾಡುವ ಗೆಳೆಯರು ಶಿರಸಿಯಲ್ಲಿ ಸೇರಿದ್ದಾಗ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಇಟಲಿಯ ಕ್ರೆಮೋನಾ ಊರಿನಲ್ಲಿ ಪಿಟೀಲು ಮಾಡುತ್ತಿದ್ದ ಅಂಟೋನಿಯೋ ಸ್ಟ್ರಾಡಿವಾರಿ ತೀರಿಕೊಂಡಿದ್ದು 1737ರಲ್ಲಿ. ಅವನು ಮಾಡಿದ ಪಿಟೀಲುಗಳನ್ನು ಈಗಲೂ ಕಛೇರಿಗಳಲ್ಲಿ ನುಡಿಸುತ್ತಾರೆ, ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರೆ. 2006ರ ಆಸುಪಾಸಿನಲ್ಲಿ ಗ್ಯಾರಿಟನ್ ಕಂಪನಿ ಅವನ ಹೆಸರಿನಲ್ಲೇ ಕಂಪ್ಯೂಟರಿಗೆ ಒಂದು ಒಂಟಿ ಪಿಟೀಲು ತಂದಿತು, ಅಂದರೆ ರೆಕಾರ್ಡ್ ಮಾಡಿಟ್ಟ ಪಿಟೀಲಿನ ಸ್ವರಗಳನ್ನು ಕೀಬೋರ್ಡಿನಿಂದ ನುಡಿಸುವ ಸಾಫ್ಟ್‌ವೇರ್. ಬೆನ್ನಿಗೇ ಹಳೆಯ ಕಾಲದ ಇನ್ನೊಬ್ಬ ವಾದ್ಯ ತಯಾರಕ ಗೊಫ್ರಿಲ್ಲರ್ ಹೆಸರಿನ ಚೆಲ್ಲೋ (ಪಿಟೀಲಿನ ದೊಡ್ಡಣ್ಣ) ಬಂತು. ಆಗ ಎರಡಕ್ಕೂ ಒಳ್ಳೆಯ ಹೆಸರಿತ್ತು. ಇವತ್ತು ಎರಡೂ ಮಾರಾಟದಲ್ಲಿಲ್ಲ. ದುಡ್ಡಿದ್ದರೆ ಅಸಲಿ ಸ್ಟ್ರಾಡಿವಾರಿ ಕೊಳ್ಳಬಹುದು, ಸಾಫ್ಟ್‌ವೇರ್ ಸ್ಟ್ರಾಡಿವಾರಿ ಎಷ್ಟು ಕೊಟ್ಟರೂ ಸಿಗುವುದಿಲ್ಲ!

ಹೀಗೆ ಮಾರಾಟ ನಿಂತುಹೋದ ಒಂಟಿ ತಂತಿವಾದ್ಯಗಳ ಬಗ್ಗೆ ನಾಲ್ಕು ಮಾತು ಹೇಳೋಣ ಅಂತ ಬಂದಿದ್ದೇನೆ. ಭಾವಗೀತೆ, ಭಜನೆ, ಕಿರುಚಿತ್ರ, ಮದುವೆ ವಿಡಿಯೋ, ಏನು ಮಾಡಿದರೂ ಹಿಂದೆ ಒಂದು ಪಿಟೀಲು ಬೇಕು ನಮಗೆ. ಈಗೀಗ ಯಕ್ಷಗಾನದ ರೀಲ್ಸ್‌ಗೂ ಹಾಕುತ್ತಾರೆ. ಚಂಡೆ ಮದ್ದಳೆ ಇರುವಲ್ಲಿ ಅದಕ್ಕೇನು ಕೆಲಸವೋ, ಇರಲಿ.

ಮೊದಲು ಸ್ವಲ್ಪ ಹಿಂದೆ ಹೋಗೋಣ. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೆಲೋಟ್ರಾನ್ ಅಂತ ಒಂದು ಪೆಟ್ಟಿಗೆ ಬಂತು. ಅದರ ಒಂದೊಂದು ಕೀಲಿಯ ಕೆಳಗೆ ಒಂದೊಂದು ಟೇಪಿನ ತುಂಡು. ಕೀಲಿ ಒತ್ತಿದರೆ ಟೇಪು ಓಡಿ ಪಿಟೀಲಿನ ಸ್ವರ ಬರುತ್ತದೆ, ಎಂಟು ಸೆಕೆಂಡಿಗೆ ಟೇಪು ಮುಗಿಯುತ್ತದೆ. 1988ರಲ್ಲಿ ಅಕಾಯ್ ಎಸ್1000 ಎಂಬ ಸ್ಯಾಂಪ್ಲರ್, ಅಂದರೆ ಧ್ವನಿ ಹಿಡಿದಿಟ್ಟು ನುಡಿಸುವ ಯಂತ್ರ, ಬಂದಾಗ ಅದರ ಮೂಲ ಮೆಮೊರಿ ಎರಡು ಎಂಬಿ. ಸಿಡಿ ಗುಣಮಟ್ಟದಲ್ಲಿ, ಮೊನೊದಲ್ಲಿ ಲೆಕ್ಕ ಹಾಕಿದರೂ ಇಪ್ಪತ್ಮೂರು ಸೆಕೆಂಡಿನಷ್ಟು ಧ್ವನಿ. ಇಡೀ ಪಿಟೀಲು ಅಷ್ಟರೊಳಗೆ ಕೂರಬೇಕು. ಹಾಗಾಗಿ ಸ್ವರದ ಒಂದು ತುಣುಕನ್ನೇ ಸುತ್ತಿ ಸುತ್ತಿ ನುಡಿಸುತ್ತಿದ್ದರು. ಕಿವಿ ಚುರುಕಿದ್ದವರಿಗೆ ಆ ಸುತ್ತು ಗೊತ್ತಾಗಿಬಿಡುತ್ತಿತ್ತು. 1998ರಲ್ಲಿ ನೆಮಿಸಿಸ್ ಕಂಪನಿಯ ಗಿಗಾಸ್ಯಾಂಪ್ಲರ್ ಈ ಕಟ್ಟು ಬಿಡಿಸಿತು. ಪ್ರತಿ ಸ್ವರದ ಶುರುವಿನ ಚೂರು ಮಾತ್ರ ಮೆಮೊರಿಯಲ್ಲಿ, ಉಳಿದದ್ದು ಹಾರ್ಡ್‌ಡಿಸ್ಕಿನಿಂದ ಹಾಗೇ ಹರಿದುಬರುತ್ತದೆ. ಆಮೇಲೆ ಸ್ಯಾಂಪಲ್ ಲೈಬ್ರರಿಗಳ, ಅಂದರೆ ಹೀಗೆ ರೆಕಾರ್ಡ್ ಮಾಡಿಟ್ಟ ಸ್ವರಗಳ ಸಂಗ್ರಹಗಳ, ಗಾತ್ರಕ್ಕೆ ಮಿತಿಯೇ ಇಲ್ಲವಾಯಿತು.

ಜಾಗ ಸಿಕ್ಕಿತು. ಒಂಟಿ ಪಿಟೀಲು ಮಾತ್ರ ಆಗಲೂ ಸರಿಯಾಗಲಿಲ್ಲ.

ಯಾಕೆ ಅಂತ ಒಂದೇ ಒಂದು ಸ್ವರ ಹಿಡಿದು ನೋಡೋಣ. ಕಮಾನು ತಂತಿಯನ್ನು ಕಚ್ಚುವಾಗ ಮೊದಲು ಒಂದು ಸಣ್ಣ ಕರಕು ಸದ್ದು. ಆಮೇಲೆ ಸ್ವರ ನಿಲ್ಲುತ್ತದೆ. ಮೆತ್ತಗೆ ಶುರುವಾಗಿ ಜೋರಾಗುತ್ತದೆ. ಜೋರಾಗುವುದೆಂದರೆ ವಾಲ್ಯೂಮ್ ಏರುವುದಷ್ಟೇ ಅಲ್ಲ, ಧ್ವನಿಯ ಬಣ್ಣವೇ ಬದಲಾಗುತ್ತದೆ. ಇದನ್ನು ಹಿಡಿಯಲು ಸ್ಯಾಂಪಲ್ ಮಾಡುವವರು ಒಂದೇ ಸ್ವರವನ್ನು ಮೆತ್ತಗೆ, ಮಧ್ಯಮ, ಜೋರು ಅಂತ ಬೇರೆ ಬೇರೆ ರೆಕಾರ್ಡ್ ಮಾಡುತ್ತಾರೆ. ನಾವು ಕೀಬೋರ್ಡಿನ ಪಕ್ಕದ ಮಾಡ್ ವೀಲ್ ಎಂಬ ಚಕ್ರ ಏರಿಸಿದಂತೆ ಒಂದು ಇಳಿದು ಇನ್ನೊಂದು ಏರಬೇಕು. ಆ ನಡುವೆ ಎರಡೂ ಒಟ್ಟಿಗೆ ಕೇಳುತ್ತವಲ್ಲ, ಅಲ್ಲೇ ತೊಂದರೆ. ಹದಿನಾರು ಪಿಟೀಲುಗಳ ಗುಂಪಾದರೆ ಯಾರಿಗೂ ಗೊತ್ತಾಗುವುದಿಲ್ಲ, ಗುಂಪಿಗೆ ಇನ್ನೊಂದು ಸೇರಿದ ಹಾಗೆ ಅಷ್ಟೆ. ಒಂಟಿ ಪಿಟೀಲಿನಲ್ಲಿ ಮಾತ್ರ ಥಟ್ಟನೆ ಇಬ್ಬರು ನುಡಿಸಿದಂತೆ ಕೇಳುತ್ತದೆ. ಒಂದರ ಅಲೆ ಇನ್ನೊಂದನ್ನು ಹೊಡೆದು ಧ್ವನಿ ಟೊಳ್ಳಾಗುತ್ತದೆ.

ಇನ್ನು ಸ್ವರದಿಂದ ಸ್ವರಕ್ಕೆ ಹೋಗುವುದು. ಚೆಲ್ಲೋ ವಾದಕರಾಗಿದ್ದ ಹರ್ಬ್ ಟುಚ್ಮಾಂಡಲ್ ಕಟ್ಟಿದ ವಿಯೆನ್ನಾ ಸಿಂಫೋನಿಕ್ ಲೈಬ್ರರಿಯವರು ಸ್ವರಗಳ ಜೊತೆಗೆ ಸ್ವರಗಳ ನಡುವಿನ ದಾರಿಯನ್ನೂ ರೆಕಾರ್ಡ್ ಮಾಡಿದರು. ಒಂದು ಸ್ವರದಿಂದ ಮೇಲಕ್ಕೆ ಹನ್ನೆರಡು, ಕೆಳಕ್ಕೆ ಹನ್ನೆರಡು ಹೆಜ್ಜೆ ಅಂತಿಟ್ಟುಕೊಳ್ಳಿ. ಪಿಟೀಲಿನಲ್ಲಿ ನಲವತ್ತು ಸ್ವರ ಅಂದರೂ ಸಾವಿರದ ಹತ್ತಿರ ಹೋಯಿತು. ಅದೂ ಒಂದೇ ಬಗೆಯ ಕಮಾನಿಗೆ, ಒಂದೇ ಜೋರಿಗೆ. ಇಷ್ಟು ದುಡ್ಡು, ಇಷ್ಟು ಕೆಲಸ ಸುರಿದ ಮೇಲೂ ಎರಡು ವರ್ಷಕ್ಕೆ ಇನ್ನೊಬ್ಬರು ಇದಕ್ಕಿಂತ ಚೆನ್ನಾಗಿ ಮಾಡುತ್ತಾರೆ. ಗುಂಪಿನ ಲೈಬ್ರರಿ ಹತ್ತಾರು ವರ್ಷ ಬಾಳುತ್ತದೆ. ಒಂಟಿ ಪಿಟೀಲು ಬೇಗ ಹಳೆಯದಾಗಿ ಕಾಣುವುದು ಇದಕ್ಕೇ.

ಇದೆಲ್ಲ ಪಾಶ್ಚಾತ್ಯ ಸಂಗೀತದ ಕಷ್ಟ. ನಮ್ಮದು ಬೇರೆಯೇ ಇದೆ. ಈ ಜಿಲ್ಲೆಯಲ್ಲಿ ಹಿಂದೂಸ್ತಾನಿ ಕೇಳುವವರು ಎಷ್ಟಿದ್ದಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹಾಸಣಗಿ ಗಣಪತಿ ಭಟ್ಟರ ಗಾಯನ ಕೇಳಿ ಬೆಳೆದ ಕಿವಿಗೆ ದರ್ಬಾರಿ ರಾಗದ ಕೋಮಲ ಗಾಂಧಾರ ಹೇಗೆ ತೂಗಬೇಕು ಅಂತ ಗೊತ್ತು. ಸ್ಯಾಂಪಲ್ ಪಿಟೀಲಿನಲ್ಲಿ ಅದನ್ನು ನುಡಿಸಿ ನೋಡಿ. ರೆಕಾರ್ಡ್ ಮಾಡುವಾಗಲೇ ಆ ಕಲಾವಿದರು ಸ್ವರಕ್ಕೆ ಕಂಪನ ಕೊಟ್ಟಿರುತ್ತಾರೆ. ನೀವು ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಎಳೆತ, ಎಳೆಯಲು ಹೋದರೆ ಒಳಗೆ ಆ ಕಂಪನ ತನ್ನ ಪಾಡಿಗೆ ಅಲ್ಲಾಡುತ್ತಲೇ ಇರುತ್ತದೆ. ಎರಡೂ ಸೇರಿ ಒಳ್ಳೆ ರಾದ್ಧಾಂತ.

ಅದಕ್ಕೇ ನಾನು ಮೊದಲು ನೋಡುವುದು ಕಂಪನವಿಲ್ಲದ ಸ್ವರ ಆ ಲೈಬ್ರರಿಯಲ್ಲಿ ಇದೆಯಾ ಅಂತ. ಇದ್ದರೆ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಚಕ್ರದಲ್ಲಿ ಮೀಂಡ್ ಎಳೆಯಬಹುದು. ಸಾಮಾನ್ಯವಾಗಿ ಆ ಚಕ್ರ ಮೇಲಕ್ಕೆ ಎರಡು ಅರ್ಧಸ್ವರ, ಕೆಳಕ್ಕೆ ಎರಡು ಅರ್ಧಸ್ವರ ಮಾತ್ರ ಹೋಗುತ್ತದೆ. ಸೆಟ್ಟಿಂಗ್ಸಿನಲ್ಲಿ ಜಾಸ್ತಿ ಮಾಡಿಕೊಳ್ಳಬಹುದು. ಹಾಗಂತ ತೀರಾ ಎಳೆಯಬೇಡಿ. ಪಿಟೀಲಿನ ಹೊಟ್ಟೆಯೊಳಗಿನ ಗಾಳಿ ಸುಮಾರು 270–280 ಹರ್ಟ್ಸ್ ಹತ್ತಿರ ತಾನೂ ಮೊಳಗುತ್ತದೆ. ನಿಜವಾದ ಪಿಟೀಲಿನಲ್ಲಿ ಬೆರಳು ಎಲ್ಲಿ ಜಾರಿದರೂ ಈ ಮೊಳಗು ಇದ್ದಲ್ಲೇ ಇರುತ್ತದೆ, ಮರದ ಡಬ್ಬಿ ಬದಲಾಗುವುದಿಲ್ಲವಲ್ಲ. ಸ್ಯಾಂಪಲನ್ನು ಎಳೆದರೆ ಅದೂ ಜೊತೆಗೇ ಎಳೆದುಕೊಂಡು ಹೋಗುತ್ತದೆ. ಮೇಲಕ್ಕೆ ಎರಡು ಮೂರು ಅರ್ಧಸ್ವರ ದಾಟಿದರೆ ಪಿಟೀಲು ಮಗುವಿನ ಆಟಿಕೆಯಷ್ಟು ಸಣ್ಣದಾದಂತೆ ಕೇಳುತ್ತದೆ.

ಇದಕ್ಕೆ ಈಗಿನ ಮದ್ದು ಮಾಡೆಲಿಂಗ್. ಆಡಿಯೊ ಮಾಡೆಲಿಂಗ್ ಕಂಪನಿಯ ಸ್ವಾಮ್ ಪಿಟೀಲು ಆ ಜಾತಿಯದು. ಅದು ತಂತಿಯ ಕಂಪನವನ್ನು ಲೆಕ್ಕ ಹಾಕಿ ಆಗಿಂದಾಗ್ಗೆ ಧ್ವನಿ ಹುಟ್ಟಿಸುತ್ತದೆ, ಹಾಗಾಗಿ ಮೀಂಡ್ ಎಷ್ಟು ಬೇಕಾದರೂ ಎಳೆಯಬಹುದು. ಅದರ ನಾದ ನನ್ನ ಕಿವಿಗೆ ಇನ್ನೂ ಸ್ವಲ್ಪ ತೆಳು. ಆದರೆ ರಾಗ ನುಡಿಸುವವರಿಗೆ ನಾನು ಅದನ್ನೇ ಹೇಳುವುದು. ಕಳೆದುಹೋದ ಹಳೆಯ ಲೈಬ್ರರಿಗಾಗಿ ಊರೆಲ್ಲ ಹುಡುಕುವವರನ್ನು ಕಂಡರೆ ನನಗೆ ಅಷ್ಟೇನೂ ಒಪ್ಪಿಗೆ ಆಗುವುದಿಲ್ಲ.

ಆದರೆ ಈಗಾಗಲೇ ಅಂಥ ಲೈಬ್ರರಿಯಲ್ಲಿ ಹಾಡು ಮಾಡಿಟ್ಟವರ ಪಾಡೇನು? ಇದು ಬೇರೆ ವಿಷಯ, ಇದಕ್ಕೆ ಗಮನ ಕೊಡಲೇಬೇಕು.

ಧ್ವನಿ ಹಾಳಾಗಿ ಈ ವಾದ್ಯಗಳು ಸಾಯುವುದಿಲ್ಲ. ಫೈಲು ಇದ್ದ ಹಾಗೇ ಇರುತ್ತದೆ, ಸುತ್ತಲಿನ ಆಸರೆ ಒಂದೊಂದಾಗಿ ಕಳಚುತ್ತದೆ. ಆಗಲೇ ಹೇಳಿದ ಗಿಗಾಸ್ಯಾಂಪ್ಲರ್ ಕಥೆಯನ್ನೇ ನೋಡಿ. 2001ರಲ್ಲಿ ಅದನ್ನು ಟ್ಯಾಸ್ಕಾಮ್ ಕೊಂಡಿತು, 2008ರಲ್ಲಿ ಕೈಬಿಟ್ಟಿತು. ಅದಕ್ಕೆಂದೇ ಮಾಡಿದ ಎಷ್ಟೋ ತಂತಿವಾದ್ಯಗಳು ಅಲ್ಲಿಗೇ ಅನಾಥ. 2019ರಲ್ಲಿ ಆ್ಯಪಲ್ ತನ್ನ ಮ್ಯಾಕ್ ಕಂಪ್ಯೂಟರಿನ ಕ್ಯಾಟಲಿನಾ ಆವೃತ್ತಿಯಲ್ಲಿ ಹಳೆಯ 32 ಬಿಟ್ ಪ್ರೋಗ್ರಾಮುಗಳನ್ನು ಪೂರ್ತಿ ನಿಲ್ಲಿಸಿತು, ಆಗ ಇನ್ನೊಂದಷ್ಟು ಹೋದವು. ಸ್ಟೈನ್‌ಬರ್ಗ್‌ನ ಇ-ಲೈಸೆನ್ಸರ್ ಡಾಂಗಲ್, ಅಂದರೆ ಲೈಸೆನ್ಸ್ ಇಟ್ಟುಕೊಳ್ಳುವ ಯುಎಸ್‌ಬಿ ಕಡ್ಡಿ, ನೆಚ್ಚಿಕೊಂಡವರು ಎಷ್ಟೋ ಜನ ಇದ್ದರು. ವಿಯೆನ್ನಾದವರು 2022ರಲ್ಲೇ ಇನ್ನೊಂದು ಲೈಸೆನ್ಸ್ ವ್ಯವಸ್ಥೆಯಾದ ಐಲಾಕ್‌ಗೆ ಹೋದರು, 2025ರಲ್ಲಿ ಇ-ಲೈಸೆನ್ಸರ್ ಸೇವೆಯೇ ಮುಚ್ಚಿತು. ಮೇಲಾಗಿ ಇಂಥ ಎಷ್ಟೋ ಲೈಬ್ರರಿಗಳ ಲೈಸೆನ್ಸಿನಲ್ಲಿ ನಾವು ಕೊಂಡಿದ್ದನ್ನು ಮರುಮಾರಾಟ ಮಾಡುವಂತಿಲ್ಲ ಅಂತ ಬರೆದಿರುತ್ತದೆ. ಅಂದರೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯೂ ಇಲ್ಲ. ಪೆನ್‌ಡ್ರೈವಿನಲ್ಲಿ ಯಾರೋ ಕೊಡುವ ಕ್ರ್ಯಾಕ್ ಕಾಪಿಯ ಬಗ್ಗೆ ಮಾತಾಡುವುದೇ ಬೇಡ. ಅದರ ಜೊತೆ ವೈರಸ್ಸೂ ಬರುತ್ತದೆ, ದುಡ್ಡು ಕೊಟ್ಟ ಸಿನಿಮಾದವರಿಗೆ ನಾಳೆ ಉತ್ತರ ಹೇಳುವವರೂ ನೀವೇ.

ಗಿಗಾ ಫೈಲುಗಳು ಯಾರ ಹತ್ತಿರವಾದರೂ ಇದ್ದರೆ ಬಿಸಾಡಬೇಡಿ. ಲಿನಕ್ಸ್‌ಸ್ಯಾಂಪ್ಲರ್ ಎಂಬ ಪ್ರೋಗ್ರಾಮು ಅವನ್ನು ಓದುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಬಾಕಿಯವಕ್ಕೆ ಇರುವ ದಾರಿ ಒಂದೇ, ಇವತ್ತು ನುಡಿಯುತ್ತಿರುವಾಗಲೇ ಹಿಡಿದಿಡುವುದು. ಹಾಡು ಮುಗಿದ ದಿನವೇ ಪಿಟೀಲಿನ ಟ್ರ್ಯಾಕನ್ನು ರಿವರ್ಬ್ (ಕೃತಕ ಪ್ರತಿಧ್ವನಿ) ಇಲ್ಲದೆ ವೇವ್ ಫೈಲಾಗಿ ಬೌನ್ಸ್ ಮಾಡಿ, ಅಂದರೆ ಧ್ವನಿಯಾಗಿಯೇ ಉಳಿಸಿ, ಪಕ್ಕದಲ್ಲೇ ಯಾವ ಕೀಲಿ ಯಾವಾಗ ಒತ್ತಿದಿರಿ ಎಂದು ಬರೆದಿಡುವ ಮಿಡಿ ಫೈಲನ್ನೂ ಇಡಿ. ನಾಳೆ ಆ ಪಿಟೀಲು ಸತ್ತರೂ ನುಡಿಸಿದ್ದು ಉಳಿಯುತ್ತದೆ, ಮಿಡಿಯನ್ನು ಬೇರೆ ಪಿಟೀಲಿಗೆ ಕೊಟ್ಟು ನೋಡಬಹುದು. ಅಲ್ಲೂ ಸ್ವಲ್ಪ ಕೈಕೆಲಸ ಇದ್ದೇ ಇರುತ್ತದೆ. ಒಂದು ಲೈಬ್ರರಿಯಲ್ಲಿ ಕಮಾನಿನ ಒತ್ತಡ ಮಾಡ್ ವೀಲಿಗೆ, ಅಂದರೆ ಕಂಟ್ರೋಲರ್ ನಂಬರ್ 1ಕ್ಕೆ, ಇನ್ನೊಂದರಲ್ಲಿ ನಂಬರ್ 11ಕ್ಕೆ. ಬದಲಾಯಿಸದೇ ಹಾಕಿದರೆ ಒಂದೋ ಧ್ವನಿಯೇ ಬರುವುದಿಲ್ಲ, ಇಲ್ಲಾ ಒಂದೇ ಸಮ ಕಿರುಚುತ್ತದೆ. ಬ್ಯಾಕಪ್ ಡಿವಿಡಿಯಲ್ಲಿ ಮಾತ್ರ ಇಡಬೇಡಿ. ಮಳೆಗಾಲದಲ್ಲಿ ನಮ್ಮ ಕಪಾಟಿನಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಡಿವಿಡಿ ಯಾವ ಲೆಕ್ಕ?

ಕೊನೆಯ ವಿಷಯ. ಕಾರವಾರದಿಂದ ಕಾಳಿ ಸೇತುವೆ ದಾಟಿ ಸ್ವಲ್ಪ ಹೋದರೆ ಗೋವಾ. ಮುಂಬೈನ ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ಪಿಟೀಲು ಹಿಡಿದವರಲ್ಲಿ ಗೋವಾದವರು ಬಹಳ ಮಂದಿ. ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್ ಅವರ ಶಿಷ್ಯರೇ ಸಂಗೀತ ನಿರ್ದೇಶಕ ಪ್ಯಾರೇಲಾಲ್. ನಮ್ಮ ಕರಾವಳಿಯಲ್ಲೂ ಪಿಟೀಲು ನುಡಿಸುವವರು ಇದ್ದಾರೆ. ಅವರನ್ನು ಕೂರಿಸಿ ನಾವೇ ಯಾಕೆ ರೆಕಾರ್ಡ್ ಮಾಡಬಾರದು? ಸಾವಿರ ದಾರಿ ಬೇಡ. ಕಂಪನವಿಲ್ಲದೆ, ಒಂದೊಂದು ಸ್ವರ ಹತ್ತು ಸೆಕೆಂಡು, ಮೆತ್ತಗೆ ಒಂದು ಸಲ, ಜೋರಾಗಿ ಒಂದು ಸಲ. ಮೀಂಡ್‌ಗಳನ್ನು ಬೇರೆಯಾಗಿ, ರಾಗದ ತುಣುಕುಗಳಾಗಿಯೇ ಹಿಡಿಯಿರಿ. ಅವನ್ನು ಸ್ವರ ಸ್ವರವಾಗಿ ಕತ್ತರಿಸಲು ಹೋಗಬೇಡಿ. ಫೈಲುಗಳನ್ನು ಎಸ್‌ಎಫ್‌ಝಡ್ ಎಂಬ ಬಗೆಯಲ್ಲಿ ಜೋಡಿಸಿ. ಅದು ಬರೀ ಅಕ್ಷರದ ಫೈಲು, ನೋಟ್‌ಪ್ಯಾಡಿನಲ್ಲೇ ಬರೆಯಬಹುದು, ಡಾಂಗಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ಪ್ಲೋಗ್ ಕಂಪನಿಯ ಸ್ಫೋರ್ಝಾಂಡೊ ಅದನ್ನು ಉಚಿತವಾಗಿ ನುಡಿಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸಕ್ಕೆ ಕೈಹಾಕಬೇಡಿ. ಹಂಚಿನ ಮೇಲೆ ಮಳೆ ಬೀಳುವ ಸದ್ದು ಪ್ರತಿ ಸ್ವರದಲ್ಲೂ ಕೂತುಬಿಡುತ್ತದೆ. ಪಿಟೀಲಿನ ಬಿರಡೆಗಳೂ ತೇವಕ್ಕೆ ಉಬ್ಬಿ ಶ್ರುತಿಗೆ ಬರಲು ಹಟ ಮಾಡುತ್ತವೆ. ಮಳೆ ಬಿಟ್ಟ ಮೇಲೂ ಸಂಜೆ ಜೀರುಂಡೆ ಇದ್ದದ್ದೇ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಒಳ್ಳೆಯದು. ನುಡಿಸಿದವರಿಗೆ ಸಂಭಾವನೆ ಎಷ್ಟು, ಅವರ ಧ್ವನಿಯನ್ನು ಯಾರ್ಯಾರು ಬಳಸಬಹುದು, ಮಾರಬಹುದಾ ಇಲ್ಲವಾ ಅಂತ ಮೊದಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಪರಿಚಯದವರು, ಇರಲಿ ಬಿಡಿ ಅಂತ ಬಾಯಿಮಾತಿನಲ್ಲಿ ಬಿಟ್ಟರೆ ಮುಂದೆ ಮನಸ್ತಾಪ.

ಲ್ಯಾಪ್‌ಟಾಪ್ ತಂದಿದ್ದೇನೆ. ಎಸ್‌ಎಫ್‌ಝಡ್ ಫೈಲು ಹೇಗಿರುತ್ತದೆ ಅಂತ ನೋಡಬೇಕಾದವರು ಚಹಾ ಆದ ಮೇಲೆ ಈ ಕಡೆ ಬನ್ನಿ, ಒಂದು ಸ್ವರ ಹಾಕಿ ತೋರಿಸುತ್ತೇನೆ. ಈಗ ಪ್ರಶ್ನೆ ಇದ್ದರೆ ಕೇಳಿ.