ಕೈಬಿಟ್ಟ ಒಂದು ಪದ

ಅಮೆರಿಕದಲ್ಲಿ ಕೇಂದ್ರ ಬಲವಾಗಿರಬೇಕೋ ರಾಜ್ಯಗಳು ಬಲವಾಗಿರಬೇಕೋ ಎಂಬ ಜಗಳವನ್ನು ಕೇಂದ್ರದ ಪರ ಹ್ಯಾಮಿಲ್ಟನ್, ರಾಜ್ಯಗಳ ಪರ ಜೆಫರ್ಸನ್ ಎಂದು ಎರಡು ಹೆಸರು ಹೇಳಿ ಮುಗಿಸುವುದು ರೂಢಿ. ಇವತ್ತು ಆ ದಾರಿ ಬೇಡ. ಒಂದೇ ಒಂದು ಪದ ಹಿಡಿದು ಹೊರಡೋಣ: ‘ಸ್ಪಷ್ಟವಾಗಿ’.

1781ರ ಮಾರ್ಚ್ 1ರಂದು ಜಾರಿಗೆ ಬಂದ ಒಕ್ಕೂಟದ ಕರಾರಿನ, ಅಂದರೆ ಅಮೆರಿಕದ ಮೊದಲ ಸಂವಿಧಾನದ, ಎರಡನೇ ವಿಧಿಯಲ್ಲಿ ಈ ಪದ ಇತ್ತು. ಕಾಂಗ್ರೆಸ್ಸಿಗೆ, ಅಂದರೆ ರಾಜ್ಯಗಳ ಪ್ರತಿನಿಧಿಗಳ ಕೇಂದ್ರ ಸಭೆಗೆ, ‘ಸ್ಪಷ್ಟವಾಗಿ’ ವಹಿಸಿಕೊಡದ ಅಧಿಕಾರವೆಲ್ಲ ರಾಜ್ಯಗಳದ್ದೇ. ತೆರಿಗೆ ಹಾಕುವ ಅಧಿಕಾರವನ್ನು ವಹಿಸಿಕೊಟ್ಟಿರಲಿಲ್ಲ. ಹಾಗಾಗಿ ಕಾಂಗ್ರೆಸ್ಸು ವಂತಿಗೆ ಕೇಳಬಹುದಿತ್ತು, ಅಷ್ಟೆ. ಆಯಾ ರಾಜ್ಯದ ಜಮೀನು, ಕಟ್ಟಡಗಳ ಬೆಲೆ ನೋಡಿ ಪಾಲು ಹಾಕಬೇಕೆಂದು ಎಂಟನೇ ವಿಧಿ ಹೇಳಿತ್ತು. ಆ ಬೆಲೆಕಟ್ಟುವ ಕೆಲಸ ಸರಿಯಾಗಿ ನಡೆಯಲೇ ಇಲ್ಲ. 1781ರ ಕೊನೆಗೆ 80 ಲಕ್ಷ ಡಾಲರ್ ಕೇಳಿದರು. ಮುಂದಿನ ವರ್ಷ ಮುಗಿದಾಗ ಅದರ ಹತ್ತರಲ್ಲೊಂದು ಪಾಲೂ ಖಜಾನೆಗೆ ಬಂದಿರಲಿಲ್ಲ. ಕೊಡದವರನ್ನು ಕೇಳುವವರಿಲ್ಲ.

ಸರಿ, ಆಮದಿನ ಮೇಲೆ ಶೇ. 5 ಸುಂಕ ಹಾಕೋಣ ಎಂದು ತಿದ್ದುಪಡಿ ತಂದರು. ತಿದ್ದುಪಡಿಗೆ 13 ರಾಜ್ಯಗಳೂ ಒಪ್ಪಬೇಕು. 1782ರಲ್ಲಿ ಎಲ್ಲಕ್ಕಿಂತ ಚಿಕ್ಕ ರಾಜ್ಯ ರೋಡ್ ಐಲೆಂಡ್ ಒಲ್ಲೆ ಎಂದಿತು. 1783ರಲ್ಲಿ 25 ವರ್ಷಕ್ಕೆ ಮಾತ್ರ ಎಂದು ಮಿತಿ ಹಾಕಿ ಮತ್ತೆ ತಂದಾಗ ನ್ಯೂಯಾರ್ಕ್ ಅಡ್ಡ ನಿಂತಿತು. ಬಂದರಿನ ಸುಂಕವೇ ಅದರ ಬೊಕ್ಕಸದ ಜೀವನಾಡಿ. ವಸೂಲಿ ಅಧಿಕಾರಿಗಳು ತನ್ನ ಹಿಡಿತದಲ್ಲೇ ಇರಬೇಕೆಂಬುದು ಅದರ ಹಟ. ಸಿದ್ಧಾಂತದ ಮಾತಿನ ಕೆಳಗೆ ಇಂಥ ಲೆಕ್ಕಗಳೇ ಇದ್ದವು.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಹೊಸ ಸಂವಿಧಾನ ತೆರಿಗೆಯ ಅಧಿಕಾರವನ್ನು ಕಾಂಗ್ರೆಸ್ಸಿಗೆ ನೇರವಾಗಿ ಕೊಟ್ಟಿತು. ಜೊತೆಗೆ, ಕೊಟ್ಟ ಕೆಲಸಕ್ಕೆ ಅಗತ್ಯವಾದ, ತಕ್ಕುದಾದ ಕಾನೂನು ಮಾಡಬಹುದು ಎಂದೂ ಸೇರಿಸಿತು. ವಿರೋಧಿಗಳಿಗೆ ಭಯ ಹುಟ್ಟಿಸಿದ್ದು ಈ ಸಾಲೇ. ರಾಜ್ಯಗಳ ಒಪ್ಪಿಗೆಯ ಮತದಾನದಲ್ಲಿ, ವರ್ಜೀನಿಯಾದಲ್ಲಿ ಸಂವಿಧಾನ ಗೆದ್ದದ್ದು 89–79ರಲ್ಲಿ, ನ್ಯೂಯಾರ್ಕಿನಲ್ಲಿ 30–27ರಲ್ಲಿ. ಕೂದಲೆಳೆ!

ಆ ವಿರೋಧಿಗಳ ಸಮಾಧಾನಕ್ಕೆಂದು 1789ರಲ್ಲಿ ತಿದ್ದುಪಡಿಗಳು ಬಂದವು. ಕೇಂದ್ರಕ್ಕೆ ವಹಿಸದ ಅಧಿಕಾರ ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದ್ದು ಎನ್ನುತ್ತದೆ, ಇಂದಿನ ಹತ್ತನೆಯದು. ‘ಸ್ಪಷ್ಟವಾಗಿ’ ಎಲ್ಲಿ? ದಕ್ಷಿಣ ಕೆರೊಲಿನಾದ ಟಕರ್ ಅದನ್ನು ಸೇರಿಸಿ ಎಂದರು. ತಿದ್ದುಪಡಿಗಳನ್ನು ಮಂಡಿಸಿದ್ದ ಮ್ಯಾಡಿಸನ್ ಬಿಲ್ಕುಲ್ ಒಪ್ಪಲಿಲ್ಲ: ಚಿಕ್ಕಪುಟ್ಟದ್ದನ್ನೆಲ್ಲ ಬರೆದಿಟ್ಟು ಸರ್ಕಾರ ನಡೆಸಲಾಗದು, ಬರೆಯದಿದ್ದರೂ ಅಡಗಿರುವ ಸೂಚಿತ ಅಧಿಕಾರಗಳು ಇರಲೇಬೇಕು. ಎರಡು ವರ್ಷದ ಮೇಲೆ ರಾಷ್ಟ್ರೀಯ ಬ್ಯಾಂಕಿನ ಮಸೂದೆ ಬಂದಾಗ ಇದೇ ಮ್ಯಾಡಿಸನ್, ಬ್ಯಾಂಕು ಸ್ಥಾಪಿಸುವ ಅಧಿಕಾರ ಸಂವಿಧಾನದಲ್ಲಿಲ್ಲ ಎಂದು ವಾದಿಸಿದ್ದು ಬೇರೆ ಮಾತು.

ಆ ಪದ ಇಲ್ಲದ್ದರ ಬೆಲೆ ಗೊತ್ತಾದದ್ದು 1819ರಲ್ಲಿ. ತಾನು ಸನ್ನದು ಕೊಡದ ಬ್ಯಾಂಕಿನ ನೋಟುಗಳು ಛಾಪಾ ಕಾಗದದಲ್ಲೇ ಇರಬೇಕೆಂದು ಮೇರಿಲ್ಯಾಂಡ್ ಕಾನೂನು ಮಾಡಿತ್ತು: 5 ಡಾಲರ್ ನೋಟಿಗೆ 10 ಸೆಂಟ್, 1,000ದ ನೋಟಿಗೆ 20 ಡಾಲರ್, ಬೇಡವಾದರೆ ವರ್ಷಕ್ಕೆ 15,000 ಡಾಲರ್ ಒಂದೇ ಗಂಟು. ಕಾಂಗ್ರೆಸ್ಸಿನ ಸನ್ನದು ಪಡೆದಿದ್ದ ರಾಷ್ಟ್ರೀಯ ಬ್ಯಾಂಕಿನ ಬಾಲ್ಟಿಮೋರ್ ಶಾಖೆಯ ಕ್ಯಾಷಿಯರ್ ಮೆಕಲಕ್ ಎರಡನ್ನೂ ಮಾಡಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಮಾರ್ಷಲ್ ಹಳೆಯ ಕರಾರನ್ನೂ ಹತ್ತನೇ ತಿದ್ದುಪಡಿಯನ್ನೂ ಪಕ್ಕಪಕ್ಕ ಇಟ್ಟು, ಆ ಪದ ಬಿಟ್ಟದ್ದನ್ನು ಬೆರಳಿಟ್ಟು ತೋರಿಸಿದರು. ಬ್ಯಾಂಕು ಸಿಂಧು, ರಾಜ್ಯದ ತೆರಿಗೆ ಅಸಿಂಧು.

ಎಲ್ಲರೂ ತಲೆಬಾಗಿದರೆಂದುಕೊಳ್ಳಬೇಡಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಹಾಯೊ ರಾಜ್ಯದವರು ಅದೇ ಬ್ಯಾಂಕಿನ ಚಿಲಿಕೋತಿ ಶಾಖೆಗೆ ನುಗ್ಗಿ, ತಮ್ಮ ತೆರಿಗೆ ಬಾಕಿಯೆಂದು 1,00,000 ಡಾಲರ್ ಹಿಡಿದುಕೊಂಡರು. ಅದನ್ನು ಹಿಂದಿರುಗಿಸಬೇಕೆಂಬ ತೀರ್ಪು ಸುಪ್ರೀಂ ಕೋರ್ಟಿನಿಂದ ಬರುವಷ್ಟರಲ್ಲಿ 1824 ಬಂದಿತ್ತು.